ತಪ್ಪಿನ ಹಿಂದಿರುವ ನಿಯಮ: ಉಚ್ಚಾರಣೆ, ಇಂಗ್ಲಿಷ್ ಪತ್ರ ಮತ್ತು ಭಾಷಾವಿಜ್ಞಾನ

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಬಳಿ ಯಾವುದಾದರೂ ಹೋಟೆಲಿನಲ್ಲಿ ಐದು ನಿಮಿಷ ಕುಳಿತರೆ ‘ಎರಡು ಕಾಪಿ’ ಎಂಬ ಕೂಗು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಗೋಡೆಯ ಮೇಲಿನ ದರಪಟ್ಟಿಯಲ್ಲಿ ಮಾತ್ರ ‘ಕಾಫಿ’ ಎಂದೇ ಬರೆದಿರುತ್ತದೆ. ‘ಕಾಪಿ’ ಎನ್ನುವ ಹುಡುಗನನ್ನು ತರಗತಿಯಲ್ಲಿ ನಾವು ತಿದ್ದುತ್ತೇವೆ. ಕೆಲವು ಸಲ ತರಗತಿ ನಗುತ್ತದೆ. ಆದರೆ ಅವನ ನಾಲಿಗೆ ಮಾಡಿದ ಕೆಲಸವನ್ನೇ ದಕ್ಷಿಣ ಕೊರಿಯಾದ ಕೋಟ್ಯಂತರ ಜನರ ನಾಲಿಗೆಯೂ ಮಾಡಿದೆ. ಕೊರಿಯನ್ ಭಾಷೆಯಲ್ಲಿ ಈ ಪಾನೀಯದ ಹೆಸರು ಹೆಚ್ಚುಕಡಿಮೆ ‘ಕೊಪಿ’. ಅಲ್ಲಿಯ ನಿಘಂಟಿನಲ್ಲಿರುವ ರೂಪವೂ ಅದೇ, ಅಧ್ಯಾಪಕರು ಹೇಳುವುದೂ ಅದನ್ನೇ.

ಕಾರಣ ಸರಳ. ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ಗಾಳಿಯನ್ನು ಉಜ್ಜಿ ಬಿಡುವ ಇಂಗ್ಲಿಷಿನ ‘ಎಫ್’ ಧ್ವನಿ ಕೊರಿಯನ್ನಿನಲ್ಲಿ ಇಲ್ಲ. ಅಚ್ಚ ಕನ್ನಡದಲ್ಲಿಯೂ ಇಲ್ಲ. ನಮ್ಮ ವರ್ಣಮಾಲೆಯ ‘ಫ’ ಎಂಬುದು ‘ಪ’ದ ಮಹಾಪ್ರಾಣವೇ ಹೊರತು ಇಂಗ್ಲಿಷಿನ ಆ ಧ್ವನಿಯಲ್ಲ. ಇಲ್ಲದ ಧ್ವನಿ ಹೊರಗಿನಿಂದ ಬಂದಾಗ, ಭಾಷೆ ತನ್ನಲ್ಲಿರುವ ಧ್ವನಿಗಳಲ್ಲಿ ಅದಕ್ಕೆ ಅತ್ಯಂತ ಸಮೀಪದ್ದನ್ನು ಆರಿಸಿಕೊಳ್ಳುತ್ತದೆ. ಎರಡು ಭಾಷೆಗಳೂ ತುಟಿಯಲ್ಲೇ ಹುಟ್ಟುವ ‘ಪ’ ವರ್ಗವನ್ನು ಆರಿಸಿಕೊಂಡವು.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ ಅವರು 1950ರ ದಶಕದಲ್ಲಿ ಆಡುಗನ್ನಡವನ್ನು ಅಧ್ಯಯನ ಮಾಡಿ, 1958ರಲ್ಲಿ ಅದರ ಒಂದು ವ್ಯಾಕರಣವನ್ನು ಪ್ರಕಟಿಸಿದರು. ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ಆಡುಮಾತನ್ನು ಹೋಲಿಸಿದಾಗ ಅವರು ಗಮನಿಸಿದ ವ್ಯತ್ಯಾಸಗಳಲ್ಲಿ ಕಾಫಿ–ಕಾಪಿಯೂ ಒಂದು. ಶಾಲೆ ಮತ್ತು ಇಂಗ್ಲಿಷಿನ ಸಂಪರ್ಕ ಮೊದಲು ಸಿಕ್ಕ ಗುಂಪು ಹೊರಗಿನ ಧ್ವನಿಯನ್ನು ಹಾಗೆಯೇ ಇಟ್ಟುಕೊಂಡಿತು. ಉಳಿದವರು ಪದವನ್ನು ಕನ್ನಡದ ಅಚ್ಚಿಗೆ ಇಳಿಸಿಕೊಂಡರು. ಬುದ್ಧಿಯ ಹೆಚ್ಚುಕಡಿಮೆಗೂ ಇದಕ್ಕೂ ಸಂಬಂಧವಿಲ್ಲ. ಅಚ್ಚಿಗೆ ಇಳಿಸುವುದಕ್ಕೂ ನಿಯಮಗಳು ಬೇಕು, ಅವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಬಸ್ಸು, ಕಾರು ಮತ್ತು ಒಂದು ಸಣ್ಣ ಪರೀಕ್ಷೆ

ಆ ನಿಯಮಗಳು ಎಷ್ಟು ಖಚಿತವಾದವು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳೇ ಕಂಡುಹಿಡಿಯಬಲ್ಲರು. ಬಸ್, ಪೆನ್, ಕಪ್, ಕಾರ್, ರೋಡ್, ಲೈಟ್, ರೈಲ್ ಎಂಬ ಪದಗಳನ್ನು ಹಲಗೆಯ ಮೇಲೆ ಬರೆದು, ಮನೆಯಲ್ಲಿ ಅಜ್ಜಿ ಹೇಳುವಂತೆ ಹೇಳಿ ಎಂದು ಕೇಳಿ. ಬಸ್ಸು, ಪೆನ್ನು, ಕಪ್ಪು ಎಂಬಲ್ಲಿ ಕೊನೆಯ ವ್ಯಂಜನ ಇಮ್ಮಡಿಯಾಗಿ ‘ಉ’ ಸೇರುತ್ತದೆ. ಕಾರು, ರೋಡು, ಲೈಟು, ರೈಲು ಎಂಬಲ್ಲಿ ಬರಿಯ ‘ಉ’ ಸೇರುತ್ತದೆ. ‘ಕಾರ್ರು’ ಎಂದು ಯಾರೂ ಹೇಳುವುದಿಲ್ಲ. ಹ್ರಸ್ವ ಸ್ವರದ ನಂತರ ದ್ವಿತ್ವ, ದೀರ್ಘ ಸ್ವರ ಅಥವಾ ಐ–ಔಗಳ ನಂತರ ಒಂಟಿ ವ್ಯಂಜನ. ಅಚ್ಚಗನ್ನಡದ ಹಲ್ಲು–ಹಾಲು, ಕಲ್ಲು–ಕಾಲು ಜೋಡಿಗಳಲ್ಲಿ ಇರುವುದೂ ಇದೇ ವಿನ್ಯಾಸ. ನೂರಿನ್ನೂರು ವರ್ಷಗಳ ಹಿಂದೆ ಬಂದ ಇಂಗ್ಲಿಷ್ ಪದಕ್ಕೆ ಸಾವಿರ ವರ್ಷ ಹಳೆಯ ನಿಯಮ ಅನ್ವಯವಾಗಿದೆ!

ಕೊರಿಯನ್ನಿನಲ್ಲಿ ‘ಸ್’ ಎಂಬ ಉಚ್ಚಾರಣೆಯಲ್ಲಿ ಪದ ಮುಗಿಯುವಂತಿಲ್ಲ. ಆದ್ದರಿಂದ ಅವರ ಬಸ್ಸಿಗೂ ಕೊನೆಯಲ್ಲಿ ಒಂದು ಸ್ವರ ಅಂಟಿಕೊಂಡಿದೆ. ಅದು ತುಟಿಯನ್ನು ದುಂಡಗೆ ಮಾಡದೆ ಹೇಳಿದ ‘ಉ’. ಪದದ ಆರಂಭದಲ್ಲಿ ಒತ್ತಕ್ಷರವೂ ಅವರಿಗೆ ಒಗ್ಗದು. ನಮ್ಮ ಹಳ್ಳಿಯವರು ‘ಸ್ಕೂಲ್’ ಮುಂದೆ ‘ಇ’ ಹಚ್ಚಿ ‘ಇಸ್ಕೂಲು’ ಎಂದರೆ, ಅವರು ‘ಸ’ ಮತ್ತು ‘ಕ’ಗಳ ನಡುವೆ ಅದೇ ಸ್ವರವನ್ನು ತೂರಿಸಿ ‘ಸುಕುಲ್’ ಎನ್ನುವಂತೆ ಹೇಳುತ್ತಾರೆ. ತೊಡಕು ಒಂದೇ, ಪರಿಹಾರ ಎರಡು.

ಇಷ್ಟು ದೂರದ ಕೊರಿಯಾ ಇಲ್ಲಿಗೇಕೆ ಎಂದು ನೀವು ಕೇಳಬಹುದು. ದೇವನಹಳ್ಳಿಯಿಂದ ಹೈದರಾಬಾದ್ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಆಂಧ್ರದ ಪೆನುಕೊಂಡದ ಹತ್ತಿರ, 2019ರಲ್ಲಿ ಕಾರು ತಯಾರಿಸಲು ಆರಂಭಿಸಿದ ಕಿಯಾ ಕಂಪನಿಯ ಕಾರ್ಖಾನೆ ಇದೆ. ನಮ್ಮ ಊರಿನ ಐ.ಟಿ.ಐ., ಡಿಪ್ಲೊಮಾ ಹುಡುಗರು ಇಂಥ ಕಾರ್ಖಾನೆಯಲ್ಲಿ ಕೊರಿಯನ್ ಎಂಜಿನಿಯರರ ಜೊತೆ ಮಾತಾಡಬೇಕಾದದ್ದು ಇಂಗ್ಲಿಷಿನಲ್ಲಿ. ಅದು ಇಬ್ಬರಿಗೂ ಮಾತೃಭಾಷೆಯಲ್ಲ. ಇಬ್ಬರ ಇಂಗ್ಲಿಷಿನ ಮೇಲೂ ಅವರವರ ಭಾಷೆಯ, ಭಾಷೆಯೊಳಗಿನ ಉಪಭಾಷೆಯ ನೆರಳು ಇರುತ್ತದೆ.

ಪಾಲು, ಹಾಲು, ಆಲು

ಉಪಭಾಷೆಯ ಮಾತಿಗೆ ಬರೋಣ. ನೆಲಮಂಗಲ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ‘ಹ’ಕಾರ ಬಿಟ್ಟುಹೋಗುವುದನ್ನು ನೀವು ದಿನವೂ ಕೇಳುತ್ತೀರಿ: ಆಲು, ಉಲಿ, ಓಗು. ‘ನಾಲಿಗೆ ಹೊರಳದು’ ಎಂದು ಇದನ್ನು ಬೈಯುವುದು ವಾಡಿಕೆ. ಆದರೆ ಈ ಪದಗಳ ಚರಿತ್ರೆ ನೋಡಿ. ಹಳಗನ್ನಡದಲ್ಲಿ ಇವು ಪಾಲ್, ಪುಲಿ, ಪೋಗು. ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ ಪದಾದಿಯ ‘ಪ’ ಕ್ರಮೇಣ ‘ಹ’ ಆಗುತ್ತ ಬಂತು. ತುಟಿಗಳು ಪೂರ್ತಿ ಮುಚ್ಚುವುದನ್ನು ಬಿಟ್ಟವು, ಗಾಳಿಯ ಸದ್ದು ಮಾತ್ರ ಉಳಿಯಿತು. ನಮ್ಮ ಹಳ್ಳಿಯ ಮಾತಿನಲ್ಲಿ ಆ ಗಾಳಿಯೂ ಹೋಗಿದೆ. ಪ → ಹ → ಸೊನ್ನೆ. ಮೊದಲ ಹೆಜ್ಜೆಯನ್ನು ನಾವು ‘ನಡುಗನ್ನಡ’ ಎಂದು ಗೌರವದಿಂದ ಓದಿಸುತ್ತೇವೆ, ಎರಡನೆಯದಕ್ಕೆ ಕೆಂಪು ಶಾಯಿ ಹಚ್ಚುತ್ತೇವೆ.

ಜಪಾನೀ ಭಾಷೆಯಲ್ಲಿಯೂ ಹಳೆಯ ‘ಪ’ ‘ಹ’ ಆಗಿದೆ. ಲ್ಯಾಟಿನ್ನಿನ ‘ಪಾತೆರ್’ (ತಂದೆ) ಎಂಬುದಕ್ಕೆ ಸಮನಾದ ಐರಿಷ್ ಪದದಲ್ಲಿ ಮೊದಲಿನ ‘ಪ’ ಪೂರ್ತಿ ಮಾಯವಾಗಿ ಸ್ವರದಿಂದಲೇ ಪದ ಆರಂಭವಾಗುತ್ತದೆ. ಹೊಸಕೋಟೆ, ದೇವನಹಳ್ಳಿ ಕಡೆಯ ಅಧ್ಯಾಪಕರಿಗೆ ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಮನೆಯಲ್ಲಿ ತೆಲುಗು ಆಡುವ ಮಗು ‘ಪಾಲು’ ಎನ್ನುತ್ತದೆ, ಪಕ್ಕದ ಮಗು ‘ಆಲು’ ಎನ್ನುತ್ತದೆ, ಪಠ್ಯಪುಸ್ತಕ ‘ಹಾಲು’ ಎನ್ನುತ್ತದೆ. ಸಾವಿರ ವರ್ಷದ ಧ್ವನಿ ಬದಲಾವಣೆಯ ಮೂರು ಹಂತಗಳೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತವೆ.

‘ಹ’ ಇಲ್ಲದಿದ್ದರೆ ‘ಹಾಡು’ ಮತ್ತು ‘ಆಡು’ ಒಂದೇ ಆಗಿ ಅರ್ಥ ಕೆಡುವುದಿಲ್ಲವೇ? ಸಾಮಾನ್ಯವಾಗಿ ಕೆಡುವುದಿಲ್ಲ, ಸಂದರ್ಭ ಕಾಪಾಡುತ್ತದೆ. ಕೊರಿಯಾದ ಆಗ್ನೇಯ ಭಾಗದ ಗ್ಯೊಂಗ್‌ಸಾಂಗ್ ಪ್ರಾಂತದ (ಬುಸಾನ್, ದೇಗು ನಗರಗಳ ಕಡೆಯ) ಉಪಭಾಷೆಯಲ್ಲಿ ಇದಕ್ಕೆ ಸರಿಜೋಡಿ ಇದೆ. ಪ್ರಮಾಣ ಕೊರಿಯನ್ನಿನಲ್ಲಿ ಬಿಗಿಯಾದ ‘ಸ್ಸ’ಕಾರದಿಂದ ಆರಂಭವಾಗುವ ‘ಸ್ಸಲ್’ ಎಂದರೆ ಅಕ್ಕಿ, ಸಡಿಲವಾದ ‘ಸಲ್’ ಎಂದರೆ ಮೈಯ ಮಾಂಸ. ಗ್ಯೊಂಗ್‌ಸಾಂಗಿನ ಅನೇಕರು, ಮುಖ್ಯವಾಗಿ ಹಿರಿಯರು, ಎರಡನ್ನೂ ‘ಸಲ್’ ಎಂದೇ ಹೇಳುತ್ತಾರೆ. ರಾಜಧಾನಿ ಸೋಲ್‌ನವರು ಇದನ್ನು ತಮಾಷೆ ಮಾಡುವುದೂ ನಮ್ಮಲ್ಲಿಯಂತೆಯೇ. ಆದರೆ ಅದೇ ಉಪಭಾಷೆಯಲ್ಲಿ ಸೋಲ್‌ನವರಿಗಿಲ್ಲದ ಒಂದು ಸೂಕ್ಷ್ಮತೆ ಇದೆ. ‘ಮಲ್’ ಎಂಬ ಪದವನ್ನು ಬೇರೆ ಬೇರೆ ಶ್ರುತಿಯಲ್ಲಿ ಹೇಳಿ ‘ಕುದುರೆ’ ಮತ್ತು ‘ಮಾತು’ ಎಂಬ ಅರ್ಥಗಳನ್ನು ಅವರು ಬೇರ್ಪಡಿಸುತ್ತಾರೆ. ಉಪಭಾಷೆ ಎಂದರೆ ಪ್ರಮಾಣ ಭಾಷೆಯಿಂದ ಏನನ್ನೋ ಕಳೆದರೆ ಉಳಿಯುವ ಶೇಷವಲ್ಲ. ಅದರ ಲೆಕ್ಕವೇ ಬೇರೆ.

ಇನ್ನೊಂದು ಸಂಗತಿ ಅಧ್ಯಾಪಕರು ಗಮನಿಸಬೇಕಾದದ್ದು. ‘ಹ’ ಬಿಟ್ಟದ್ದಕ್ಕೆ ಪದೇ ಪದೇ ಬೈಸಿಕೊಂಡ ವಿದ್ಯಾರ್ಥಿ ಒಂದು ದಿನ ‘ಹಾನೆ’, ‘ಹೆಲ್ಲಾ’ ಎಂದು ಇಲ್ಲದ ಕಡೆಯೂ ‘ಹ’ ಹಚ್ಚುತ್ತಾನೆ. ಇದಕ್ಕೆ ಭಾಷಾವಿಜ್ಞಾನದಲ್ಲಿ ಅತಿತಿದ್ದುಪಡಿ ಎನ್ನುತ್ತಾರೆ. ತನ್ನ ಮಾತಿನಲ್ಲಿ ಏನೋ ಕೊರತೆಯಿದೆ ಎಂದು ಅವನಿಗೆ ಗೊತ್ತಾಗಿದೆ, ಎಲ್ಲಿ ಎಂಬುದನ್ನು ಯಾರೂ ತಿಳಿಸಿಲ್ಲ. ಬೈಗುಳದ ಬದಲು ‘ತೆಲುಗು, ತಮಿಳಿನಲ್ಲಿ ಪ ಇರುವ ಕಡೆ ನಮ್ಮ ಪುಸ್ತಕದಲ್ಲಿ ಹ ಬರುತ್ತದೆ’ ಎಂದು ಒಂದು ಪಟ್ಟಿ ಕೊಟ್ಟು ನೋಡಿ. ಪಾಲು–ಹಾಲು, ಪುಲಿ–ಹುಲಿ, ಪುವ್ವು–ಹೂವು. ಆನೆಗೆ ತೆಲುಗಿನಲ್ಲಿ ‘ಏನುಗು’, ತಮಿಳಿನಲ್ಲಿ ‘ಯಾನೈ’. ಅಲ್ಲಿ ‘ಪ’ ಇಲ್ಲ, ಇಲ್ಲಿ ‘ಹ’ವೂ ಇಲ್ಲ. ಸಂಸ್ಕೃತದಿಂದ ಬಂದ ಪದಗಳಿಗೆ ಈ ಪಟ್ಟಿ ಹೊಂದುವುದಿಲ್ಲ, ಅವುಗಳನ್ನು ಬೇರೆಯಾಗಿಯೇ ಕಲಿಸಬೇಕು.

ಮಿಲಿಸೆಕೆಂಡುಗಳ ಲೆಕ್ಕ

ಈಗ ವಿಜ್ಞಾನದ ವಿದ್ಯಾರ್ಥಿಗಳು ಕೈಯಾರೆ ಮಾಡಬಹುದಾದ ಭಾಗ. ಬಾಯಿಯ ಮುಂದೆ ತೆಳುವಾದ ಕಾಗದದ ಪಟ್ಟಿ ಹಿಡಿದು ‘ಪ’ ಎನ್ನಿ, ನಂತರ ಒತ್ತಿ ‘ಫ’ (ಮಹಾಪ್ರಾಣ) ಎನ್ನಿ. ಎರಡನೆಯದಕ್ಕೆ ಕಾಗದ ಚೆನ್ನಾಗಿ ಅಲುಗುತ್ತದೆ. ಇಂಗ್ಲಿಷ್ ಮಾತೃಭಾಷೆಯವರು ‘ಪಿನ್’ ಎಂದಾಗಲೂ ಅದು ಅಲುಗುತ್ತದೆ, ‘ಸ್ಪಿನ್’ ಎಂದಾಗ ಅಲುಗುವುದಿಲ್ಲ. ನಾವು ಎರಡನ್ನೂ ಕಾಗದ ಅಲುಗದಂತೆ ಹೇಳುತ್ತೇವೆ. ಇದರ ಪರಿಣಾಮ ವಿಚಿತ್ರ: ನಮ್ಮ ‘ಪಿನ್’ ಅವರ ಕಿವಿಗೆ ಹಲವು ಸಲ ‘ಬಿನ್’ ಎಂದು ಕೇಳಿಸುತ್ತದೆ.

ಏಕೆ ಹೀಗೆ? ‘ಪ’ ಹೇಳುವಾಗ ತುಟಿ ಮುಚ್ಚಿ, ಒಳಗೆ ಒತ್ತಡ ಕೂಡಿ, ತುಟಿ ತೆರೆಯುತ್ತದೆ. ತುಟಿ ತೆರೆದ ಕ್ಷಣಕ್ಕೂ ಗಂಟಲಿನ ಧ್ವನಿತಂತುಗಳು ಮುಂದಿನ ಸ್ವರಕ್ಕಾಗಿ ಕಂಪಿಸಲು ತೊಡಗುವ ಕ್ಷಣಕ್ಕೂ ನಡುವೆ ಇರುವ ಅಂತರವನ್ನು ‘ಘೋಷಾರಂಭ ಕಾಲ’ ಎನ್ನಬಹುದು. ಲೀ ಲಿಸ್ಕರ್ ಮತ್ತು ಆರ್ಥರ್ ಅಬ್ರಾಮ್‌ಸನ್ ಎಂಬ ವಿಜ್ಞಾನಿಗಳು 1964ರಲ್ಲಿ ಹನ್ನೊಂದು ಭಾಷೆಗಳಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಕನ್ನಡ ಅವುಗಳಲ್ಲಿ ಇರಲಿಲ್ಲ. ತಮಿಳು, ಹಿಂದಿ, ಮರಾಠಿ, ಕೊರಿಯನ್ ಇದ್ದವು. ಪದಾದಿಯ ‘ಪ’ಕ್ಕೆ ಇಂಗ್ಲಿಷಿನಲ್ಲಿ ಸರಾಸರಿ ಸುಮಾರು 58 ಮಿಲಿಸೆಕೆಂಡು, ತಮಿಳಿನಲ್ಲಿ ಸುಮಾರು 12 ಮಿಲಿಸೆಕೆಂಡು ಬಂತು. ಇಂಗ್ಲಿಷಿನ ‘ಬ’ಕ್ಕೆ ಬಹುಮಟ್ಟಿಗೆ ಸೊನ್ನೆಯ ಆಸುಪಾಸು. ತಮಿಳಿನಂತೆಯೇ ಗಾಳಿ ಬಿಡದ ನಮ್ಮ ‘ಪ’ ಇಂಗ್ಲಿಷಿನ ‘ಬ’ಕ್ಕೆ ಹತ್ತಿರ ಬೀಳುತ್ತದೆ, ‘ಪ’ಕ್ಕಲ್ಲ.

58 ಮಿಲಿಸೆಕೆಂಡು ಎಂದರೆ ಎಷ್ಟು? ಗಂಡಸಿನ ಧ್ವನಿತಂತು ಸೆಕೆಂಡಿಗೆ ಸುಮಾರು 120 ಸಲ ಕಂಪಿಸುತ್ತದೆ ಎಂದುಕೊಂಡರೆ ಒಂದು ಕಂಪನಕ್ಕೆ 8.3 ಮಿಲಿಸೆಕೆಂಡು. ಅಂದರೆ ಏಳು ಕಂಪನಗಳಷ್ಟು ಕಾಲದ ಮೌನ ಮತ್ತು ಗಾಳಿ. ಅರ್ಥ ಬದಲಾಗುವುದಕ್ಕೆ ಅಷ್ಟು ಸಾಕು.

ಕೊರಿಯನ್ ಈ ಅಳತೆಯಲ್ಲಿ ಬಹಳ ಕುತೂಹಲಕಾರಿ. ಅದರಲ್ಲಿ ‘ಪ’ ವರ್ಗದ ಮೂರು ಧ್ವನಿಗಳಿವೆ, ಪದಾದಿಯಲ್ಲಿ ಮೂರೂ ಅಘೋಷ: ಬಿಗಿ, ಸಡಿಲ, ಮಹಾಪ್ರಾಣ. 1964ರ ಅಳತೆಯಲ್ಲಿ ಇವು ಅನುಕ್ರಮವಾಗಿ ಸುಮಾರು 7, 18 ಮತ್ತು 91 ಮಿಲಿಸೆಕೆಂಡು. ‘ತ’ ವರ್ಗದಲ್ಲಿಯೂ ಹೀಗೆಯೇ. ಮಗಳು, ಚಂದ್ರ, ಮುಖವಾಡ ಎಂಬ ಮೂರು ಅರ್ಥಗಳ ಪದಗಳಿಗೆ ಇಷ್ಟೇ ವ್ಯತ್ಯಾಸ. ಆ ನಂತರದ ಅಧ್ಯಯನಗಳಲ್ಲಿ ಇನ್ನೊಂದು ಸೋಜಿಗ ಹೊರಬಿತ್ತು. ಸೋಲ್ ಕಡೆಯ ಕಿರಿಯ ತಲೆಮಾರಿನವರಲ್ಲಿ ಸಡಿಲ ಮತ್ತು ಮಹಾಪ್ರಾಣ ಧ್ವನಿಗಳ ಕಾಲದ ಅಂತರ ಕುಗ್ಗಿ, ಆ ಕೆಲಸವನ್ನು ಮುಂದಿನ ಸ್ವರದ ಶ್ರುತಿ ವಹಿಸಿಕೊಳ್ಳುತ್ತಿದೆ. ಮಹಾಪ್ರಾಣದ ನಂತರ ಏರುಶ್ರುತಿ, ಸಡಿಲದ ನಂತರ ಇಳಿಶ್ರುತಿ. ಅವರು ಹೀಗೆ ಮಾತಾಡೋಣ ಎಂದು ಸಭೆ ಸೇರಿ ತೀರ್ಮಾನಿಸಲಿಲ್ಲ!

ಇದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಪಾಲ್ ಬೂರ್ಸ್‌ಮಾ ಮತ್ತು ಡೇವಿಡ್ ವೇನಿಂಕ್ ರಚಿಸಿದ ‘ಪ್ರಾಟ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮೊಬೈಲಿನಲ್ಲಿ ‘ಪಿನ್’, ‘ಬಿನ್’ ಧ್ವನಿಮುದ್ರಿಸಿ, ಶಾಲೆಯ ಕಂಪ್ಯೂಟರಿಗೆ ಹಾಕಿ ಅಲೆಯ ಚಿತ್ರವನ್ನು ಹಿಗ್ಗಿಸಿದರೆ, ತುಟಿ ತೆರೆದಾಗಿನ ಚೂಪಾದ ಗೆರೆ ಮತ್ತು ಕಂಪನ ಶುರುವಾಗುವ ಜಾಗ ಎರಡೂ ಕಣ್ಣಿಗೆ ಕಾಣುತ್ತವೆ.

ಎಲ್ಲ ಉಚ್ಚಾರಣೆಗಳನ್ನೂ ತಿದ್ದಲು ಯಾವ ಅಧ್ಯಾಪಕರಿಗೂ ಸಮಯವಿಲ್ಲ. ಜೆನಿಫರ್ ಜೆಂಕಿನ್ಸ್ ಎಂಬ ಸಂಶೋಧಕಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಪರಸ್ಪರ ಇಂಗ್ಲಿಷ್ ಆಡುವಾಗ ಯಾವ ತಪ್ಪಿನಿಂದ ನಿಜವಾಗಿ ಅರ್ಥ ಕೆಡುತ್ತದೆ ಎಂದು ಅವರು ನೋಡಿದರು. ಪದಾದಿಯ ಪ, ಟ, ಕಗಳಿಗೆ ಗಾಳಿ ಬಿಡುವುದು ಮತ್ತು ಸ್ವರಗಳ ಹ್ರಸ್ವ–ದೀರ್ಘ ವ್ಯತ್ಯಾಸ ಮುಖ್ಯವೆಂದು ಕಂಡುಬಂತು. ‘ಥ್ಯಾಂಕ್ಸ್’ ಪದದ ಮೊದಲ ಧ್ವನಿಯನ್ನು ಇಂಗ್ಲೆಂಡಿನವರಂತೆ ಹೇಳುವುದು ಮುಖ್ಯವಲ್ಲವೆಂದೂ ಕಂಡುಬಂತು. ಹ್ರಸ್ವ–ದೀರ್ಘ ನಮ್ಮ ಮಕ್ಕಳಿಗೆ ಹುಟ್ಟಿನಿಂದ ಬಂದ ಆಸ್ತಿ. ಗಾಳಿ ಬಿಡುವುದನ್ನು ಮಾತ್ರ ಕಾಗದದ ಪಟ್ಟಿ ಹಿಡಿದು ಒಂದು ವಾರ ಅಭ್ಯಾಸ ಮಾಡಿಸಿದರೆ ಬಹಳಷ್ಟು ಕೆಲಸವಾದಂತೆ.

ಪತ್ರದಲ್ಲಿ ಕೋರಿಕೆ ಎಲ್ಲಿದೆ?

ಬರವಣಿಗೆಯಲ್ಲಿಯೂ ಮೊದಲ ಭಾಷೆಯ ನೆರಳು ಇರುತ್ತದೆ, ಆದರೆ ಅದು ಧ್ವನಿಯಷ್ಟು ಸುಲಭವಾಗಿ ಕಾಣುವುದಿಲ್ಲ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ಒಂದು ಗೋದಾಮಿಗೆ ಬಂದ 200 ಪೆಟ್ಟಿಗೆಗಳಲ್ಲಿ 40 ಒಡೆದಿವೆ. ಹೊಸದಾಗಿ ಸೇರಿದ ಪದವೀಧರೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕು. ಅವಳು ಶಾಲೆಯಲ್ಲಿ ಕಲಿತ ಕನ್ನಡ ಮನವಿ ಪತ್ರದ ಅಚ್ಚು ಹೀಗಿದೆ: ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ಇಂಥ ದಿನಾಂಕದಂದು ಕಳುಹಿಸಿದ ಪೆಟ್ಟಿಗೆಗಳನ್ನು ಇಳಿಸಿ, ತೆರೆದು, ಪರಿಶೀಲಿಸಲಾಗಿ, 40 ಪೆಟ್ಟಿಗೆಗಳು ಒಡೆದಿರುವುದು ಕಂಡುಬಂದಿದ್ದು, ಆದ್ದರಿಂದ ಬದಲಿ ಪೆಟ್ಟಿಗೆಗಳನ್ನು ಕಳುಹಿಸಿಕೊಡಬೇಕಾಗಿ ಕೋರುತ್ತೇನೆ.’ ಕನ್ನಡದಲ್ಲಿ ಇದು ತಪ್ಪಲ್ಲ. ಕ್ರಿಯಾಪದ ಕೊನೆಯಲ್ಲಿ ಬರುವ ಭಾಷೆಯಲ್ಲಿ ಕಾರಣ ಮೊದಲು, ಕೋರಿಕೆ ಕೊನೆಗೆ ಬರುವುದು ಸಹಜ. ಇಳಿಸಿ, ತೆರೆದು ಎಂಬ ಕ್ರಿಯೆಗಳ ಸರಪಣಿಯೂ ಸಹಜ. ಇದನ್ನೇ ಇಂಗ್ಲಿಷಿಗೆ ಇಳಿಸಿದಾಗ ಆರು ಸಾಲಿನ ಒಂದು ವಾಕ್ಯವಾಗಿ, ಓದುವವನು ಮೂರನೆಯ ಸಾಲಿನಲ್ಲೇ ಬೇರೆ ಪತ್ರ ಕೈಗೆತ್ತಿಕೊಳ್ಳುತ್ತಾನೆ. ಇಂಗ್ಲಿಷ್ ವ್ಯವಹಾರ ಪತ್ರದ ವಾಡಿಕೆ ಇದಕ್ಕೆ ವಿರುದ್ಧ: ‘ನಿಮ್ಮ 40 ಪೆಟ್ಟಿಗೆಗಳು ಒಡೆದು ಬಂದಿವೆ. ಶುಕ್ರವಾರದೊಳಗೆ ಬದಲಿ ಕಳುಹಿಸಿ’ ಎಂಬುದು ಮೊದಲು, ವಿವರ ನಂತರ.

ಕೊರಿಯನ್ನಿನಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ. ಬೇರೆ ಬೇರೆ ಭಾಷೆಯವರು ಇಂಗ್ಲಿಷಿನಲ್ಲಿ ಬರೆಯುವಾಗ ವಿಷಯ ಜೋಡಿಸುವ ಕ್ರಮವೇ ಬೇರೆಯಾಗುತ್ತದೆ ಎಂದು ರಾಬರ್ಟ್ ಕಪ್ಲಾನ್ 1966ರಲ್ಲಿ ವಾದಿಸಿದರು. ಇಂಗ್ಲಿಷಿಗೆ ನೇರ ಗೆರೆ, ಪೂರ್ವದೇಶಗಳ ಭಾಷೆಗಳಿಗೆ ಸುರುಳಿ ಎಂದು ಅವರು ಚಿತ್ರ ಬಿಡಿಸಿದ್ದು ಬಹಳ ಟೀಕೆಗೆ ಒಳಗಾಯಿತು. ಮುಂದೆ ಅವರೇ ಆ ವಾದವನ್ನು ಸಡಿಲಿಸಿದರು. ಟೀಕೆ ಸರಿಯೇ. ಸುರುಳಿ ಇರುವುದು ಜನರ ತಲೆಯಲ್ಲಲ್ಲ, ಅವರಿಗೆ ಕಲಿಸಿದ ಪತ್ರದ ನಮೂನೆಯಲ್ಲಿ. ನಮ್ಮವರ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಎಂಬ ಸಾಲನ್ನೇ ನೋಡಿ. ಇದು ಕನ್ನಡದ ಅನುವಾದವೆಂದು ಹಲವರು ತಿಳಿದಿದ್ದಾರೆ. ಅಲ್ಲ, ಹಿಂದೆ ಇಂಗ್ಲಿಷರೇ ಬಳಸುತ್ತಿದ್ದ ಕಚೇರಿಯ ಮಾತು ಅದು. ಅವರು ಬಿಟ್ಟರು, ನಮ್ಮ ಕಚೇರಿಗಳು ಜೋಪಾನ ಮಾಡಿಕೊಂಡವು.

ಭಾರತೀಯ ಮೂಲದ ವಿದ್ವಾಂಸ ವಿಜಯ್ ಭಾಟಿಯಾ 1993ರ ತಮ್ಮ ಗ್ರಂಥದಲ್ಲಿ ಮಾರಾಟದ ಪತ್ರ ಮತ್ತು ಉದ್ಯೋಗದ ಅರ್ಜಿ ಎರಡನ್ನೂ ಬಿಡಿಸಿ ನೋಡಿ, ಅವುಗಳ ‘ನಡೆ’ಗಳು ಬಹುಮಟ್ಟಿಗೆ ಒಂದೇ ಎಂದು ತೋರಿಸಿದರು. ನಂಬಿಕೆ ಹುಟ್ಟಿಸುವುದು, ಕೊಡಲಿರುವುದನ್ನು ಮುಂದಿಡುವುದು, ದಾಖಲೆ ಲಗತ್ತಿಸುವುದು, ಉತ್ತರ ಕೋರುವುದು ಇತ್ಯಾದಿ. ಇದನ್ನು ತಿಳಿದ ವಿದ್ಯಾರ್ಥಿ ‘ನಾನು ಬಡ ಕುಟುಂಬದವನು, ದಯಮಾಡಿ ಕೆಲಸ ಕೊಡಿ’ ಎಂದು ಬರೆಯುವ ಬದಲು ‘ಎರಡು ವರ್ಷ ಈ ಯಂತ್ರ ನಡೆಸಿದ್ದೇನೆ’ ಎಂದು ಬರೆಯುತ್ತಾನೆ.

ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ ಲೋಕಪ್ರಸಿದ್ಧವಾದ ಒಂದು ಉತ್ತರ ಹುಟ್ಟಿದ್ದು ನಮ್ಮ ಪಕ್ಕದಲ್ಲಿಯೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ಭಾಷಾಬೋಧನೆಯ ಪುಸ್ತಕಗಳು ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತವೆ. ಅಲ್ಲಿ ವ್ಯಾಕರಣದ ಪಾಠಪಟ್ಟಿ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಮೊದಲಾದವನ್ನು ಕೊಟ್ಟು ಇಂಗ್ಲಿಷಿನಲ್ಲಿ ಯೋಚಿಸಿ ಬಿಡಿಸಬೇಕಾದ ಸಮಸ್ಯೆಗಳು ಇರುತ್ತಿದ್ದವು. ಮೊದಲು ಅಧ್ಯಾಪಕರು ಇಡೀ ತರಗತಿಯೊಡನೆ ಒಂದನ್ನು ಬಿಡಿಸುವುದು, ನಂತರ ಅಂಥದೇ ಇನ್ನೊಂದನ್ನು ಪ್ರತಿಯೊಬ್ಬರೂ ತಾವೇ ಬಿಡಿಸುವುದು. ತರಗತಿಯ ಅರ್ಧದಷ್ಟು ಮಕ್ಕಳು ಕನಿಷ್ಠ ಅರ್ಧದಷ್ಟನ್ನು ಸರಿಯಾಗಿ ಮಾಡಿದರೆ ಆ ಸಮಸ್ಯೆ ತಕ್ಕ ಮಟ್ಟದ್ದು ಎಂಬುದು ಅಳತೆಗೋಲು. 1985ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ, ಬಿಡಿ ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳೂ, ಸಂದರ್ಭದೊಳಗಿನ ವ್ಯಾಕರಣ ಮತ್ತು ಉಕ್ತಲೇಖನದಲ್ಲಿ ಪ್ರಯೋಗದ ಮಕ್ಕಳೂ ಮುಂದಿದ್ದರು. ಪೂರ್ಣ ಗೆಲುವು ಯಾರದೂ ಅಲ್ಲ.

ಪತ್ರಲೇಖನಕ್ಕೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ. ಮೇಲಿನ ಒಡೆದ ಪೆಟ್ಟಿಗೆಗಳ ಸಂಗತಿಯನ್ನು ಕನ್ನಡದಲ್ಲೇ ತಿಳಿಸಿ, ಅರ್ಧ ತರಗತಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಲು ಹೇಳಿ. ಉಳಿದ ಅರ್ಧಕ್ಕೆ ಏನೂ ತಿಳಿಸದೆ ಹೊರಗೆ ಕೂರಿಸಿ. ನಂತರ ಪತ್ರಗಳನ್ನು ಅವರ ಕೈಗೆ ಕೊಟ್ಟು, ಹತ್ತು ಸೆಕೆಂಡು ಓದಿದ ಮೇಲೆ ಪತ್ರ ಮಗುಚಿ, ‘ನಿನ್ನಿಂದ ಏನು ಕೇಳಿದ್ದಾರೆ, ಯಾವಾಗಿನೊಳಗೆ?’ ಎಂದು ಪ್ರಶ್ನಿಸಿ. ಉತ್ತರ ಬಾರದ ಪತ್ರಗಳನ್ನು ಬರೆದವರಿಗೇ ಹಿಂದಿರುಗಿಸಿ, ಕೋರಿಕೆ ಇರುವ ಸಾಲಿಗೆ ಅಡಿಗೆರೆ ಎಳೆಯಲು ಹೇಳಿ. ಗೆರೆ ಎಷ್ಟನೆಯ ಸಾಲಿನಲ್ಲಿ ಬಿತ್ತು ಎಂಬುದನ್ನು ಪಟ್ಟಿ ಮಾಡಿಟ್ಟು, ತಿಂಗಳ ಕೊನೆಗೆ ಇದೇ ಬಗೆಯ ಇನ್ನೊಂದು ಪತ್ರ ಬರೆಸಿ ಹೋಲಿಸಬಹುದು. ವ್ಯಾಕರಣದ ತಪ್ಪುಗಳನ್ನು ಆ ದಿನ ಮುಟ್ಟಬೇಡಿ.